ಮಂಡಿಗೆ ತಿಳಿದ ಲಿಸ್ಬನ್

ಗಂಡನ ಜೊತೆ ಊರು ಸುತ್ತುವುದು ಎಂದರೆ ಬಹಳ ಮಟ್ಟಿಗೆ ಗಂಡನ ಬೆನ್ನು ನೋಡುತ್ತಾ ಸುತ್ತುವುದು. ಮದುವೆಯಾದ ಹೊಸದರಲ್ಲಿ ನಮ್ಮವರು ಹತ್ತು ಹೆಜ್ಜೆ ಮುಂದಿರುತ್ತಿದ್ದರು, ಮಕ್ಕಳಾದ ಮೇಲೆ ಇಪ್ಪತ್ತು ಹೆಜ್ಜೆ. ರಿಟೈರಾದ ಮೇಲೆ ಯಾವ ಆಫೀಸಿಗೂ ಹೊತ್ತಾಗುವ ಭಯವಿಲ್ಲ, ಆದರೂ ವೇಗ ಇಳಿದಿಲ್ಲ. ಮಾರ್ಕೆಟ್ಟಿನಲ್ಲಿ ನಾನು ಬೆಂಡೆಕಾಯಿಯ ತುದಿ ಮುರಿದು ನೋಡಿ ತಲೆ ಎತ್ತುವಷ್ಟರಲ್ಲಿ ಇವರು ಬಾಳೆಹಣ್ಣಿನ ಅಂಗಡಿ ಮುಂದೆ ನಿಂತು, ಕಳೆದುಹೋದವಳು ನಾನೇ ಎನ್ನುವ ಹಾಗೆ ಆಚೀಚೆ ನೋಡುತ್ತಿರುತ್ತಾರೆ. ಇಂಥವರ ಜೊತೆ ಹೊಸ ಊರು ನೋಡಬೇಕಾದರೆ ಏರಿರುವ ಊರನ್ನೇ ಆರಿಸಬೇಕು. ಅರವತ್ತು ದಾಟಿದ ಗಂಡಸು ಎಷ್ಟೇ ಅವಸರದವನಾದರೂ ಏರಿನಲ್ಲಿ ಹೆಂಡತಿಯ ಪಕ್ಕಕ್ಕೆ ಬಂದೇ ಬರುತ್ತಾನೆ. ಬಂದವನು ಏದುಸಿರು ಬಿಡುತ್ತಾ, ‘ಈ ಕಟ್ಟಡ ಚೆನ್ನಾಗಿದೆ, ಸ್ವಲ್ಪ ನಿಂತು ನೋಡೋಣ’ ಎನ್ನುತ್ತಾನೆ.

ಲಿಸ್ಬನ್ನಿನಲ್ಲಿ ಹೀಗೆ ನಿಂತು ನೋಡಬೇಕಾದ ಕಟ್ಟಡಗಳು ಬಹಳ. ಏಳು ಬೆಟ್ಟದ ಊರು ಎಂದು ಅವರು ಹೇಳಿಕೊಳ್ಳುತ್ತಾರೆ. ರೋಮಿಗೆ ಏಳಿದ್ದರೆ ನಮಗೂ ಏಳಿರಲಿ ಎಂಬ ಹಟ ಇರಬೇಕು. ಹತ್ತಿ ಇಳಿದವರ ಲೆಕ್ಕ ಮಾತ್ರ ಏಳಕ್ಕೆ ನಿಲ್ಲುವುದಿಲ್ಲ.

ಮಗಳು ಜರ್ಮನಿಯಲ್ಲಿದ್ದಾಳೆ. ಅವಳ ಮನೆಗೆ ಹೋದಾಗ, ‘ನೀವಿಬ್ಬರೇ ಎಲ್ಲಾದರೂ ಹೋಗಿ ಬನ್ನಿ, ಟಿಕೆಟ್ ನಾನು ಮಾಡ್ತೀನಿ, ಪ್ಯಾರಿಸ್ಸಾ ರೋಮಾ?’ ಎಂದಳು. ನಾನು ಲಿಸ್ಬನ್ ಎಂದೆ. ಹೈಸ್ಕೂಲಿನಲ್ಲಿ ಸಮಾಜ ಹೇಳಿಕೊಡುತ್ತಿದ್ದವಳು ನಾನು. ‘1498, ವಾಸ್ಕೋ ಡ ಗಾಮ, ಕಲ್ಲಿಕೋಟೆ’ ಎಂದು ಎಷ್ಟು ತಂಡ ಮಕ್ಕಳಿಗೆ ಉರು ಹೊಡೆಸಿದ್ದೇನೋ. ಅವನು ಬಂದು ಇಳಿದ ಕಡೆಯನ್ನೇ ಹೇಳಿದ್ದಾಯಿತು, ಹೊರಟ ಕಡೆಯನ್ನೂ ಒಮ್ಮೆ ನೋಡಬೇಡವೇ? ಇವರಿಗಾದರೆ ಊರು ಯಾವುದಾದರೂ ಒಂದೇ. ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದವರು. ರಸ್ತೆ, ಚರಂಡಿ, ತಡೆಗೋಡೆ ಇರುವಲ್ಲೆಲ್ಲ ಅವರಿಗೆ ನೋಡಲು ವಿಷಯವಿದೆ, ಬೈಯಲು ಅದಕ್ಕಿಂತ ಹೆಚ್ಚು ವಿಷಯವಿದೆ.

ಜೂನ್ ತಿಂಗಳು. ನಾವು ಇಳಿದುಕೊಂಡದ್ದು ಮಾರ್ತಿಂ ಮೊನೀಜ್ ಚೌಕದ ಹತ್ತಿರ. ಬೆಳಿಗ್ಗೆ ಕೆಳಗಿಳಿದರೆ ಮೊದಲು ಮೂಗಿಗೆ ಬಡಿದದ್ದು ಜೀರಿಗೆ ವಾಸನೆ. ಬಾಂಗ್ಲಾದೇಶದವರ, ನಮ್ಮ ಉತ್ತರದವರ ಅಂಗಡಿಗಳ ಸಾಲೇ ಅಲ್ಲಿದೆ. ‘ಇದಕ್ಕೆ ಇಷ್ಟು ದೂರ ಬರಬೇಕಿತ್ತಾ?’ ಎಂದರು ಇವರು. ಚೌಕಕ್ಕೆ ಯಾರ ಹೆಸರಿಟ್ಟಿದ್ದಾರೋ ಆ ಮಾರ್ತಿಂ ಮೊನೀಜನದು ಒಂದು ಕಥೆ. 1147ರಲ್ಲಿ ಅಫೊನ್ಸು ಎನ್ರಿಕ್ಸ್ ದೊರೆ ಮೂರ್ ಮುಸ್ಲಿಮರ ಕೈಯಲ್ಲಿದ್ದ ಕೋಟೆಗೆ ಮುತ್ತಿಗೆ ಹಾಕಿದ. ಒಳಗಿನವರು ಬಾಗಿಲು ಮುಚ್ಚಲು ಹೊರಟಾಗ ಈ ವೀರ ತನ್ನ ಮೈಯನ್ನೇ ಸಂದಿಯಲ್ಲಿ ತೂರಿಸಿ ಅದು ಮುಚ್ಚದಂತೆ ಮಾಡಿದನಂತೆ. ಅವನು ಸತ್ತ, ಕೋಟೆ ಬಿತ್ತು. ನಾನು ಇದನ್ನು ಭಾವಪೂರ್ಣವಾಗಿ ಹೇಳಿ ಮುಗಿಸಿದರೆ ಇವರು, ‘ಬಾಗಿಲಿಗೆ ಒಂದು ಸ್ಟಾಪರ್ ಕಲ್ಲು ತರಬಾರದಿತ್ತಾ ಮಾರಾಯ್ತಿ’ ಎಂದರು.

ಚೌಕದಲ್ಲೇ 28ನೇ ನಂಬರಿನ ಹಳದಿ ಟ್ರಾಮು ಹೊರಡುತ್ತದೆ. ಪ್ರವಾಸಿಗರೆಲ್ಲ ಹತ್ತಲೇಬೇಕು ಎಂದು ಹಠ ಹಿಡಿಯುವ ಟ್ರಾಮು ಅದು. ಬೆಳಗಿನ ಹೊತ್ತಿನಲ್ಲೇ ಕ್ಯೂ ಎರಡು ಸುತ್ತು ಸುತ್ತಿತ್ತು. ಬಂಡಿಯೋ ಬೊಂಬೆಮನೆಗೆ ಮಾಡಿಸಿದಷ್ಟು ಚಿಕ್ಕದು. ‘ಇವರೆಲ್ಲ ಹತ್ತುವಷ್ಟರಲ್ಲಿ ನಾವು ನಡೆದು ಮೇಲಿರುತ್ತೇವೆ’ ಎಂದು ಇವರು ಹೊರಟೇಬಿಟ್ಟರು. ಮಾತು ಸುಳ್ಳಾಗಲಿಲ್ಲ. ಗ್ರಾಸಾ ಬೆಟ್ಟದ ಅರ್ಧ ಹತ್ತುವಷ್ಟರಲ್ಲಿ ನಾನು ಬಯಸಿದ್ದು ಆಯಿತು. ಇವರು ನನ್ನ ಪಕ್ಕದಲ್ಲಿದ್ದರು.

ನಿಲ್ಲುವುದಕ್ಕೆ ನೆಪ ಸಿಕ್ಕಿದ್ದು ಕಾಲುದಾರಿಯ ಕಲ್ಲು. ಲಿಸ್ಬನ್ನಿನ ಫುಟ್‌ಪಾತ್‌ಗಳು ಸಿಮೆಂಟಿನವಲ್ಲ, ದೊಡ್ಡ ಚಪ್ಪಡಿಯವೂ ಅಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ಸುಣ್ಣಕಲ್ಲಿನ ಬಿಳಿ ತುಂಡುಗಳನ್ನು ಒಂದಕ್ಕೊಂದು ಒತ್ತಿ ಜೋಡಿಸಿ, ನಡುನಡುವೆ ಕಪ್ಪು ಕಲ್ಲಿನಿಂದ ಅಲೆ, ಬಳ್ಳಿ, ನಕ್ಷತ್ರ, ಹಡಗು ಬರೆದಿರುತ್ತಾರೆ. ಊರೆಲ್ಲ ಹೀಗೆ. ಒಂದು ತಿರುವಿನಲ್ಲಿ ಕಿತ್ತುಹೋದ ಜಾಗ ರಿಪೇರಿ ಮಾಡುತ್ತಿದ್ದ ಒಬ್ಬ ಸಿಕ್ಕ. ಮೊಣಕಾಲೆತ್ತರವೂ ಇಲ್ಲದ ಮಣೆಯ ಮೇಲೆ ಕುಳಿತಿದ್ದ. ಎಡಗೈಯಲ್ಲಿ ಒಂದು ಕಲ್ಲು ಎತ್ತಿಕೊಳ್ಳುತ್ತಾನೆ, ಬಲಗೈಯ ಸುತ್ತಿಗೆಯ ಚೂಪು ತುದಿಯಿಂದ ಎರಡು ಏಟು, ಕಲ್ಲನ್ನು ತಿರುಗಿಸುತ್ತಾನೆ, ಇನ್ನೊಂದು ಏಟು, ಚಕ್ಕೆ ಹಾರುತ್ತದೆ. ಖಾಲಿ ಜಾಗಕ್ಕೆ ಹಿಡಿದು ನೋಡುತ್ತಾನೆ. ಸರಿ ಎನಿಸಿದರೆ ಮರಳಿನ ಹಾಸಿನ ಮೇಲೆ ಕೂರಿಸಿ ಸುತ್ತಿಗೆಯ ಮೊಂಡು ತುದಿಯಿಂದ ತಟ್ಟುತ್ತಾನೆ. ಅಳತೆಪಟ್ಟಿ ಇಲ್ಲ, ದಾರ ಇಲ್ಲ. ನಾನು ನೋಡುತ್ತಿದ್ದಷ್ಟು ಹೊತ್ತು ಒಂದೇ ಒಂದು ಕಲ್ಲನ್ನೂ ಅವನು ಬಿಸಾಡಲಿಲ್ಲ. ಇವರು ಕೈಕಟ್ಟಿ ನಿಂತು, ಇಲಾಖೆಯ ಇನ್ಸ್‌ಪೆಕ್ಷನ್ನಿಗೆ ಬಂದವರಂತೆ ಮುಖ ಮಾಡಿಕೊಂಡು ನೋಡಿದರು. ಆ ಮನುಷ್ಯ ಒಮ್ಮೆ ತಲೆ ಎತ್ತಿ ನೋಡಿ, ಇಂಥ ಮೇಲ್ವಿಚಾರಕರನ್ನು ದಿನವೂ ಕಂಡವನ ಹಾಗೆ ಮತ್ತೆ ಕೆಲಸಕ್ಕಿಳಿದ.

ಈ ಕಲ್ಲುಹಾಸು ಬಹಳ ಪುರಾತನದ್ದೇನೂ ಅಲ್ಲ. 1842ರಲ್ಲಿ ಸಾಂವ್ ಜಾರ್ಜ್ ಕೋಟೆಯ ಜೈಲಿನ ಅಧಿಕಾರಿಯೊಬ್ಬ ಕೈದಿಗಳ ಕೈಯಲ್ಲಿ ಅಂಕುಡೊಂಕು ಪಟ್ಟೆಯ ಹಾಸು ಹಾಕಿಸಿದ. ಜನ ನೋಡಲು ಮುಗಿಬಿದ್ದರು. 1848–49ರಲ್ಲಿ ರೊಸ್ಸಿಯು ಚೌಕಕ್ಕೆ ಕಪ್ಪು-ಬಿಳುಪಿನ ಅಲೆಗಳು ಬಂದವು. ಆಮೇಲೆ ಅದು ಇಡೀ ಊರಿಗೆ, ಅಲ್ಲಿಂದ ಬ್ರೆಜಿಲ್‌ವರೆಗೆ ಹಬ್ಬಿತು. ಈಗ ಈ ಕೆಲಸಕ್ಕೆ ಹುಡುಗರು ಬರುವುದಿಲ್ಲವೆಂದು ನಗರಸಭೆಯೇ 1986ರಿಂದ ಒಂದು ಶಾಲೆ ನಡೆಸುತ್ತಿದೆ. ನೋಡಲು ಚೆಂದ, ನಿಜ. ನಡೆಯುವವರ ಪಾಲಿಗೆ ಮಾತ್ರ ಇದೊಂದು ಸಂಚು. ಕಾಲಾಂತರದಲ್ಲಿ ಜನರ ಕಾಲಡಿ ಸವೆದು ಕಲ್ಲು ಗಾಜಿನಷ್ಟು ನುಣುಪಾಗಿದೆ. ಇಳಿಜಾರಿನಲ್ಲಿ, ಅದೂ ಒಂದು ಹನಿ ನೀರು ಬಿದ್ದರೆ, ಜಾರುಬಂಡಿಯೇ. ಊರಿನ ಮುದುಕಿಯರು ಗೋಡೆ ಹಿಡಿದು ನಡೆಯುವುದನ್ನು ನೋಡಿದೆ. ನಾನೂ ಗೋಡೆ ಹಿಡಿದೆ.

ಗೋಡೆ ಹಿಡಿದದ್ದರಿಂದ ನನಗೆ ಲಾಭವೇ ಆಯಿತು. ಲಿಸ್ಬನ್ನಿನ ಗೋಡೆಗಳೆಲ್ಲ ಹೆಂಚಿನವು, ಬಣ್ಣದ ಮೆರುಗು ಕೊಟ್ಟ ಟೈಲು. ನೀಲಿ, ಹಸಿರು, ಹಳದಿ. ಒಂದು ಮನೆಯ ನಮೂನೆ ಪಕ್ಕದ ಮನೆಗಿಲ್ಲ. ಕೆಲವು ಬಾಗಿಲುಗಳ ಮೇಲೆ ಚಿಕ್ಕ ಫಲಕದಲ್ಲಿ ಸಂತರ ಚಿತ್ರ. ಸಾಂವ್ ಮಾರ್ಸಾಲ್ ಇದ್ದರೆ ಬೆಂಕಿಯಿಂದ ಕಾಪಾಡು ಎಂದು ಅರ್ಥ. ಟೈಲು ಉದುರಿದ ಚೌಕಾಕಾರದ ಬೋಳು ಜಾಗಗಳೂ ಕಾಣುತ್ತವೆ. ಎಲ್ಲವೂ ತಾನಾಗಿ ಉದುರಿದ್ದಲ್ಲ. ಕದ್ದು ಸಂತೆಯಲ್ಲಿ ಪ್ರವಾಸಿಗರಿಗೆ ಮಾರುವ ಕಸುಬೇ ಇತ್ತು, ತಡೆಯಲು ಕಾನೂನು ತರಬೇಕಾಯಿತು. ಹೀಗೆ ನಾನು ಗೋಡೆ ನೋಡುತ್ತಾ, ಇವರು ನೆಲ ನೋಡುತ್ತಾ ನಡೆದೆವು. ನಡುವೆ ಅಂಗಡಿಗಳಿದ್ದವು. ಇಬ್ಬರ ಕಣ್ಣಿಗೂ ಬೀಳದೆ ದುಡ್ಡು ಉಳಿಯಿತು.

ಬೆಟ್ಟದ ತುದಿಯಿಂದ ತೇಜು ನದಿ ಕಾಣುತ್ತದೆ. ನದಿಯೋ ಸಮುದ್ರವೋ ಎಂದು ಅನುಮಾನ ಬರುವಷ್ಟು ಅಗಲ. ಅಲ್ಲಿಂದ ಸಾಂತಾ ಲುಜೀಯಾ ಎಂಬಲ್ಲಿಗೆ ಇಳಿದರೆ ಇಗರ್ಜಿಯ ಗೋಡೆಯ ಮೇಲೆ ಎರಡು ದೊಡ್ಡ ಟೈಲು ಚಿತ್ರಗಳಿವೆ. ಒಂದರಲ್ಲಿ ಬಾಗಿಲ ಸಂದಿಯಲ್ಲಿ ಸಿಕ್ಕ ನಮ್ಮ ಮಾರ್ತಿಂ ಮೊನೀಜ್. ಇನ್ನೊಂದರಲ್ಲಿ ನದಿ ದಂಡೆಯ ಅರಮನೆ ಅಂಗಳ, 1755ಕ್ಕೆ ಮೊದಲು ಹೇಗಿತ್ತೋ ಹಾಗೆ. ಈ ಇಸವಿಯನ್ನು ನೆನಪಿಟ್ಟುಕೊಳ್ಳಿ. ಲಿಸ್ಬನ್ನಿನವರಿಗೆ ಕಾಲವೆಂದರೆ ಅದರ ಹಿಂದಿನದು, ಅದರ ಮುಂದಿನದು, ಅಷ್ಟೇ.

ಅಲ್ಲಿಂದ ಕೆಳಕ್ಕೆ ಅಲ್ಫಾಮಾ, ಊರಿನ ಹಳೇ ಕೇರಿ. ಮೆಟ್ಟಿಲೇ ಓಣಿ, ಓಣಿಯೇ ಅಂಗಳ. ಸಂತ ಅಂತೋನಿಯ ಹಬ್ಬ ಜೂನ್ 13ಕ್ಕೆ. ಅದಕ್ಕೆ ತಿಂಗಳೆಲ್ಲ ಕಾಗದದ ತೋರಣ, ಮನೆಮನೆ ಮುಂದೆ ಒಲೆ, ಒಲೆಯ ಮೇಲೆ ಬೂತಾಯಿ ಮೀನು. ಹೊಗೆ ಕಣ್ಣು ಮೂಗು ಬಿಡದೆ ನುಗ್ಗಿತು. ನಾವು ಸೊಪ್ಪು ಸದೆ ತಿನ್ನುವವರು. ಮೂಗು ಮುಚ್ಚಿಕೊಂಡು ಹೋಗುವುದು ಅವಮಾನ, ಮುಚ್ಚದೆ ಹೋಗುವುದು ಕಷ್ಟ. ಕೈಗೆ ಬಂದ ಉಪಾಯ ಒಂದೇ. ಬೀದಿಯಲ್ಲಿ ಮಾರುತ್ತಿದ್ದ ಮಂಜೆರಿಕು ಕುಂಡ ಕೊಂಡುಕೊಂಡೆ. ಹಬ್ಬಕ್ಕೆ ಪ್ರೇಮಿಗಳು ಒಬ್ಬರಿಗೊಬ್ಬರು ಕೊಡುವ ಗಿಡ ಅದು. ಚೆಂಡಿನ ಹಾಗೆ ಗುಂಡಗೆ ಬೆಳೆಸಿರುತ್ತಾರೆ, ಸಣ್ಣ ಸಣ್ಣ ಎಲೆ, ಮೇಲೊಂದು ಕಾಗದದ ಹೂವು, ಒಂದು ಪುಟಾಣಿ ಬಾವುಟದಲ್ಲಿ ನಾಲ್ಕು ಸಾಲಿನ ಪದ್ಯ. ನಮ್ಮ ತುಳಸಿಯ ಕುಲವೇ. ಮೂಗನ್ನು ನೇರ ಇಟ್ಟು ಮೂಸಬಾರದು, ಗಿಡ ಬಾಡುತ್ತದೆ. ಅಂಗೈಯಿಂದ ಸವರಿ ಕೈ ಮೂಸಬೇಕು ಎಂದು ಮಾರುವ ಅಜ್ಜಿ ಅಭಿನಯಿಸಿ ತೋರಿಸಿದಳು. ದಾರಿಯುದ್ದಕ್ಕೂ ಕೈ ಮೂಸುತ್ತಾ ಮೀನಿನ ಕೇರಿ ದಾಟಿದೆ. ಆ ಕುಂಡವನ್ನು ದಿನವಿಡೀ ಹೊತ್ತವರು ಇವರು.

ಈ ಸಂತ ಅಂತೋನಿಯನ್ನು ಲೋಕವೆಲ್ಲ ಪಾದುವಾದವನು ಎನ್ನುತ್ತದೆ. ಸತ್ತದ್ದು ಅಲ್ಲಿ, ಹುಟ್ಟಿದ್ದು ನಮ್ಮಲ್ಲಿ ಎಂದು ಲಿಸ್ಬನ್ನಿನವರ ತಕರಾರು. ಮದುವೆ ಮಾಡಿಸುವ ಸಂತ ಎಂದು ಖ್ಯಾತಿ. ಹಬ್ಬದ ಮುನ್ನಾದಿನ ನಗರಸಭೆಯೇ ಒಂದಷ್ಟು ಜೋಡಿಗಳಿಗೆ ಸಾಮೂಹಿಕ ಮದುವೆ ಮಾಡಿಸುತ್ತದೆ. ಹುಟ್ಟಿದ ಜಾಗದಲ್ಲಿ ಒಂದು ಇಗರ್ಜಿಯಿದೆ, ಒಳಗೆ ಹೋದೆವು. ‘ಆಗಿಹೋದ ಮದುವೆಗಳ ದೂರು ಸ್ವೀಕರಿಸುತ್ತಾನಾ?’ ಎಂದು ಇವರು ಪಿಸುಗುಟ್ಟಿದರು. ಇಗರ್ಜಿಯಾದ್ದರಿಂದ ಸುಮ್ಮನಿದ್ದೆ. ಪಕ್ಕದಲ್ಲೇ ಸೆ ಎನ್ನುವ ದೊಡ್ಡ ಕೆಥೆಡ್ರಲ್, ಕೋಟೆ ಗೆದ್ದ ಮೇಲೆ ಕಟ್ಟಿಸಿದ್ದು, ತಾನೇ ಒಂದು ಕೋಟೆಯ ಹಾಗಿದೆ. ಅದನ್ನು ಹೊರಗಿನಿಂದಲೇ ನೋಡಿದೆವು, ಹಸಿವಾಗಿತ್ತು.

ಊಟದ ಕಥೆ ಕೇಳಿ. ಅಲ್ಲಿ ಕುಳಿತ ಕೂಡಲೇ ಕೇಳದಿದ್ದರೂ ಬ್ರೆಡ್ಡು, ಆಲಿವ್ ಕಾಯಿ, ಬೆಣ್ಣೆ ತಂದಿಡುತ್ತಾರೆ. ಬಿಟ್ಟಿಯಲ್ಲ. ಮುಟ್ಟಿದರೆ ಬಿಲ್ಲು, ಮುಟ್ಟದಿದ್ದರೆ ವಾಪಸು. ಮಗಳು ಮೊದಲೇ ಹೇಳಿದ್ದಳು. ಇವರು ಆ ತಟ್ಟೆಯನ್ನು ಮೇಜಿನ ತುದಿಗೆ ಸರಿಸಿ ಕಾವಲು ಕುಳಿತರು. ‘ಕಾಲ್ದು ವೆರ್ದೆ’ ಎಂಬ ಸೂಪು ತರಿಸಿದೆವು. ಆಲೂಗಡ್ಡೆ ಬೇಯಿಸಿ ಮಸೆದ ತಿಳಿಯಲ್ಲಿ ಕೂದಲೆಳೆಯಂತೆ ಹೆಚ್ಚಿದ ಹಸಿರು ಸೊಪ್ಪು. ಅದರ ಮೇಲೆ ಸಂಪ್ರದಾಯಕ್ಕೆಂದು ಒಂದು ಬಿಲ್ಲೆ ಹಂದಿ ಮಾಂಸ ತೇಲಿಸುತ್ತಾರೆ. ಅದು ಬೇಡ, ಬೇಡ ಎಂದು ಮೂರು ಸಲ ಹೇಳಿ ಬಿಡಿಸಿಕೊಂಡೆವು. ಉಪ್ಪು ಸರಿಯಿತ್ತು, ಖಾರ ಇರಲಿಲ್ಲ. ಇವರು ಮೇಜಿನ ಮೇಲಿದ್ದ ಕಾಳುಮೆಣಸಿನ ಗಿರಣಿ ಎತ್ತಿ ಸೂಪು ಕಪ್ಪಾಗುವವರೆಗೆ ತಿರುವಿದರು. ಶಿರಸಿ ಕಡೆಯವರು ಇವರು. ಅಜ್ಜನ ತೋಟದ ಅಡಿಕೆ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿತ್ತು. ‘ಈ ಊರು ಇದರಿಂದಲೇ ಕಟ್ಟಿದ್ದು ಮಾರಾಯ್ತಿ, ಸ್ವಲ್ಪ ಜಾಸ್ತಿ ಹಾಕಿಕೊಂಡರೆ ತಪ್ಪೇನು’ ಎಂದರು. ಬ್ರೆಡ್ಡಿನ ತಟ್ಟೆ ಕೊನೆಗೂ ಖಾಲಿಯಾಯಿತು.

ಅವರು ಹೇಳಿದ್ದು ಸುಳ್ಳೇನಲ್ಲ. ನದಿ ಕಡೆಗೆ ಇಳಿದರೆ ಮುಂಭಾಗಕ್ಕೆಲ್ಲ ವಜ್ರದ ಮೊನೆಯ ಹಾಗೆ ಕಲ್ಲು ಕಡಿದು ಕೂರಿಸಿದ ಒಂದು ಮನೆಯಿದೆ, ಕಾಜಾ ದುಸ್ ಬಿಕುಸ್. 1523ರಲ್ಲಿ ಕಟ್ಟಿಸಿದವನು ಅಫೊನ್ಸು ದ ಅಲ್ಬುಕರ್ಕನ ಮಗ. ಅಪ್ಪ 1510ರಲ್ಲಿ ಗೋವಾ ಹಿಡಿದವನು. ಹಿಡಿಯಲು ದಾರಿ ತೋರಿಸಿ ಜೊತೆಗೆ ನಿಂತವನು ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. ‘ನಮ್ಮ ಘಟ್ಟದ ಕೆಳಗಿನವನು!’ ಎಂದು ಇವರು ಎದೆಯುಬ್ಬಿಸಿದರು. ಬಾಗಿಲು ತೆಗೆದುಕೊಟ್ಟದ್ದಕ್ಕೆ ಎದೆಯುಬ್ಬಿಸುವುದು ಬೇಡ ಎಂದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಬಗ್ಗೆ ಬೇಕಾದರೆ ಎದೆಯುಬ್ಬಿಸಲಿ. ಇದೇ ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು, ಕರೆಯುವಾಗ ಬಾಯಲ್ಲಿ ನೀರೂರಿರಬೇಕು.

ಆ ಮನೆ ಈಗ ಜುಜೆ ಸರಮಾಗೊ ಪ್ರತಿಷ್ಠಾನದ್ದು. 1998ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರ. ಮುಂದುಗಡೆ ಒಂದು ಆಲಿವ್ ಮರವಿದೆ, ಅವನ ಹುಟ್ಟೂರಿನಿಂದ ತಂದು ನೆಟ್ಟದ್ದು. ಬುಡದಲ್ಲಿ ಅವನ ಚಿತಾಭಸ್ಮ. 1551ರಲ್ಲಿ ಇಲ್ಲಿನ ದೊರೆ ಆಸ್ಟ್ರಿಯಾದ ರಾಜಕುಮಾರನಿಗೆ ಉಡುಗೊರೆ ಕೊಟ್ಟ ಹಿಂದುಸ್ತಾನದ ಆನೆಯೊಂದು ಲಿಸ್ಬನ್ನಿನಿಂದ ವಿಯೆನ್ನಾಗೆ ನಡೆದುಹೋದದ್ದರ ಮೇಲೆ ಅವನದೊಂದು ಕಾದಂಬರಿಯಿದೆ. ಆನೆಗಿಂತ ಮೊದಲು ಬಂದ ಖಡ್ಗಮೃಗದ ಕಥೆ ನನಗೆ ಇನ್ನೂ ಇಷ್ಟ. ಗುಜರಾತಿನ ಸುಲ್ತಾನ ಅದನ್ನು ಅಲ್ಬುಕರ್ಕನಿಗೆ ಕೊಟ್ಟ. ಇಟ್ಟುಕೊಂಡು ಏನು ಮಾಡುವುದೆಂದು ತೋಚದೆ ಅವನು ಮಾನುಯೆಲ್ ದೊರೆಗೆ ಹಡಗಿನಲ್ಲಿ ಸಾಗಿಹಾಕಿದ. 1515ರ ಮೇ ತಿಂಗಳಲ್ಲಿ ಅದು ಇದೇ ದಂಡೆಯಲ್ಲಿ ಇಳಿಯಿತು. ಆನೆಗೂ ಖಡ್ಗಮೃಗಕ್ಕೂ ಹುಟ್ಟುವೈರ ಎಂದು ರೋಮನ್ನರ ಹಳೆಯ ಪುಸ್ತಕದಲ್ಲಿ ಓದಿದ್ದ ದೊರೆಗೆ ಪರೀಕ್ಷೆ ಮಾಡುವ ಹುಕಿ ಬಂತು. ಅರಮನೆ ಅಂಗಳದಲ್ಲಿ ಎರಡನ್ನೂ ಎದುರುಬದುರು ಬಿಟ್ಟರು. ಆನೆ ಓಟ ಕಿತ್ತಿತು. ಪಂದ್ಯ ಅಲ್ಲಿಗೆ ಮುಗಿಯಿತು. ಜರ್ಮನಿಯ ಡ್ಯೂರರ್ ಆ ಪ್ರಾಣಿಯನ್ನು ಕಣ್ಣಿನಿಂದ ನೋಡದೆ, ಬೇರೆಯವರು ಬರೆದು ಕಳಿಸಿದ ವಿವರಣೆ ನಂಬಿ ಚಿತ್ರ ಕೆತ್ತಿದ. ಅದಕ್ಕೆ ಲೋಹದ ಕವಚ ತೊಡಿಸಿದ ಹಾಗಿದೆ. ಮುಂದೆ ಎಷ್ಟೋ ಕಾಲ ಯುರೋಪು ಖಡ್ಗಮೃಗವೆಂದರೆ ಅದೇ ಎಂದು ನಂಬಿಕೊಂಡಿತ್ತು. ಪಾಪ, ಆ ಪ್ರಾಣಿಯನ್ನು ಪೋಪನಿಗೆ ಕಳಿಸುವಾಗ ಹಡಗು ಮುಳುಗಿ ಅದೂ ಸತ್ತಿತು.

ಆ ಅಂಗಳ ಈಗ ದೊಡ್ಡ ಬಯಲು ಚೌಕ, ಮೂರು ಕಡೆ ಹಳದಿ ಕಟ್ಟಡ, ಒಂದು ಕಡೆ ನದಿ. ಹೆಸರು ವ್ಯಾಪಾರ ಚೌಕವೆಂದಾಗಿದ್ದರೂ ಊರಿನವರು ತೆರೇಯ್ರು ದು ಪಾಸು, ಅಂದರೆ ಅರಮನೆ ಅಂಗಳ ಎಂದೇ ಕರೆಯುತ್ತಾರೆ. ಅರಮನೆ ಇಲ್ಲದೆ ಇನ್ನೂರೈವತ್ತು ವರ್ಷ ಮೀರಿದೆ. ಮಾನುಯೆಲ್ ದೊರೆ ಬೆಟ್ಟದ ಮೇಲಿನ ಕೋಟೆ ಬಿಟ್ಟು ಇಲ್ಲಿಗೆ ಬಂದು, ‘ಕಾಜಾ ದ ಇಂದಿಯಾ’ ಎನ್ನುವ ಸಂಬಾರ ಪದಾರ್ಥಗಳ ಉಗ್ರಾಣಕ್ಕೆ ಅಂಟಿಕೊಂಡೇ ಅರಮನೆ ಮಾಡಿಕೊಂಡಿದ್ದ. ಕೆಳಗೆ ಮೆಣಸಿನ ಮೂಟೆ, ಮೇಲೆ ಸಿಂಹಾಸನ. ಫ್ರಾನ್ಸಿನ ದೊರೆ ಇವನನ್ನು ಕಿರಾಣಿ ಅಂಗಡಿ ರಾಜ ಎಂದು ಲೇವಡಿ ಮಾಡುತ್ತಿದ್ದನಂತೆ. ಹೊಟ್ಟೆಕಿಚ್ಚು.

1755ರ ನವೆಂಬರ್ 1, ಸಕಲ ಸಂತರ ಹಬ್ಬ. ಬೆಳಿಗ್ಗೆ ಜನವೆಲ್ಲ ಇಗರ್ಜಿಗಳಲ್ಲಿದ್ದಾಗ ಭೂಮಿ ನಡುಗಿತು. ಬದುಕಿದವರು ಬಯಲು ಸಿಕ್ಕಿತೆಂದು ಇದೇ ದಂಡೆಗೆ ಓಡಿಬಂದರು. ನದಿ ಹಿಂದಕ್ಕೆ ಸರಿಯಿತು, ಆಮೇಲೆ ಅಲೆಯಾಗಿ ಬಂತು. ಹಬ್ಬಕ್ಕೆ ಹಚ್ಚಿದ್ದ ಮೇಣದ ಬತ್ತಿಗಳಿಂದ, ಉರಿಯುತ್ತಿದ್ದ ಒಲೆಗಳಿಂದ ಹತ್ತಿದ ಬೆಂಕಿ ದಿನಗಟ್ಟಲೆ ಆರಲಿಲ್ಲ. ಸತ್ತವರು ಎಷ್ಟು ಸಾವಿರವೆಂದು ಇವತ್ತಿಗೂ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅರಮನೆ, ಅದರ ಗ್ರಂಥಾಲಯ, ಅದೇ ವರ್ಷ ತೆರೆದಿದ್ದ ಒಪೇರಾ ಮಂದಿರ, ಕಾಜಾ ದ ಇಂದಿಯಾದ ಕಾಗದಪತ್ರ ಎಲ್ಲವೂ ಹೋದವು. ಸಮಾಜದ ಮೇಡಂಗೆ ಇಲ್ಲಿ ಹೊಟ್ಟೆ ಉರಿಯುತ್ತದೆ. ಕೃಷ್ಣದೇವರಾಯನ ವಿಜಯನಗರವನ್ನು ಕಣ್ಣಾರೆ ಕಂಡು ಬರೆದ ಡೊಮಿಂಗೊ ಪಾಯಸ್, ಕುದುರೆ ವ್ಯಾಪಾರಿ ನುನಿಜ್, ಇವರ ಬರಹ ಪುಣ್ಯಕ್ಕೆ ಪ್ಯಾರಿಸ್ಸಿನಲ್ಲಿ ಒಂದು ಹಸ್ತಪ್ರತಿಯಾಗಿ ಉಳಿದಿತ್ತು. ಅದನ್ನು 1897ರಲ್ಲಿ ಇದೇ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದವನು ದಾವಿದ್ ಲೋಪಿಸ್, 1900ರಲ್ಲಿ ಇಂಗ್ಲಿಷಿಗೆ ತಂದವನು ರಾಬರ್ಟ್ ಸಿವೆಲ್. ಹಂಪಿಯ ನವರಾತ್ರಿ ಹೇಗಿತ್ತೆಂದು ನಾನು ಕ್ಲಾಸಿನಲ್ಲಿ ಹೇಳುತ್ತಿದ್ದದ್ದೆಲ್ಲ ಅಲ್ಲಿಂದ ಬಂದದ್ದು. ಸುಟ್ಟುಹೋದ ಕಾಗದಗಳಲ್ಲಿ ಇಂಥವು ಇನ್ನೆಷ್ಟಿದ್ದವೋ.

ನಾನು ಹೀಗೆ ನಿಂತು ಕೊರಗುತ್ತಿದ್ದರೆ ಇವರು ಆಗಲೇ ಕಮಾನು ದಾಟಿ ಇಪ್ಪತ್ತು ಹೆಜ್ಜೆ ಮುಂದಿದ್ದರು. ಆಗಲೇ ನನಗೆ ಹೊಳೆದದ್ದು. ಬೆಳಗಿನಿಂದ ಪಕ್ಕದಲ್ಲೇ ಇದ್ದ ಗಂಡ ಮತ್ತೆ ಮುಂದೆ ಹೋಗಿದ್ದಾರೆ ಎಂದರೆ ನೆಲ ಸಮತಟ್ಟಾಗಿದೆ! ಈ ಊರಿನಲ್ಲಿ ಫಲಕ ಓದಬೇಕಾಗಿಲ್ಲ, ಗೈಡ್ ಬೇಕಾಗಿಲ್ಲ. ಮಂಡಿ ನೋಯುತ್ತಿದ್ದರೆ ನೀವು 1755ರ ಹಿಂದಿನ ಲಿಸ್ಬನ್ನಿನಲ್ಲಿದ್ದೀರಿ, ನೋವು ನಿಂತರೆ ಅದರ ಮುಂದಿನದರಲ್ಲಿ. ಬೆಟ್ಟದ ಗಟ್ಟಿ ನೆಲದ ಮೇಲಿನ ಅಲ್ಫಾಮಾ ಬಹುಪಾಲು ಉಳಿದುಕೊಂಡಿತು. ನದಿಯ ಮಣ್ಣು ಕೂತ ಈ ತಗ್ಗು ಪ್ರದೇಶ, ಬಾಯ್ಶಾ, ನೆಲಸಮವಾಗಿ ಹೊಸದಾಗಿ ಎದ್ದಿತು. ಈ ಸಿದ್ಧಾಂತ ನನ್ನದು. ಇವರಿಗೆ ಹೇಳಿದ್ದೇ ತಡ, ‘ನಾನೂ ಅದನ್ನೇ ಯೋಚಿಸ್ತಿದ್ದೆ’ ಎಂದರು. ಸಂಜೆ ಧಾರವಾಡದ ಹಳೇ ಸಹೋದ್ಯೋಗಿಗೆ ಫೋನಿನಲ್ಲಿ, ‘ನನ್ನದೊಂದು ಥಿಯರಿ ಇದೆ ನೋಡಿ’ ಎಂದು ಶುರು ಮಾಡಿದ್ದನ್ನು ನನ್ನ ಕಿವಿಯಾರೆ ಕೇಳಿದೆ.

ಬಾಯ್ಶಾ ಇವರಿಗೆ ತೀರ್ಥಕ್ಷೇತ್ರವಾಯಿತು. ಮುಂದೆ ಪೊಂಬಾಲ್ ಮಾರ್ಕ್ವಿಸ್ ಎನಿಸಿಕೊಂಡ ಮಂತ್ರಿ ಅಧಿಕಾರ ಹಿಡಿದು ನಿಂತ, ಸರಿ. ಆದರೆ ಯೋಜನೆ ಬರೆದುಕೊಟ್ಟವನು ಮಾನುಯೆಲ್ ದ ಮಾಯಾ ಎಂಬ ಮಿಲಿಟರಿ ಇಂಜಿನಿಯರ್. ಆಗ ಅವನಿಗೆ 78 ವರ್ಷ. ಹಳೆಯದರ ಹಾಗೇ ಕಟ್ಟುವುದಾ, ಬೀದಿ ಅಗಲ ಮಾಡುವುದಾ, ಎಲ್ಲ ಕೆಡವಿ ಹೊಸದು ಮಾಡುವುದಾ, ಊರನ್ನೇ ಬೇರೆಡೆಗೆ ಒಯ್ಯುವುದಾ ಎಂದು ಆಯ್ಕೆಗಳನ್ನು ಪಟ್ಟಿ ಮಾಡಿ ಕೊಟ್ಟ. ‘ಎಪ್ಪತ್ತೆಂಟು! ನಮ್ಮನ್ನು ಅರವತ್ತಕ್ಕೆ ಹಾರ ಹಾಕಿ ಮನೆಗೆ ಕಳಿಸಿದರು’ ಎಂದು ಇವರು ಬೀದಿಯ ಮಧ್ಯೆ ನಿಂತರು. ಎಳೆದುಕೊಂಡು ಹೋಗಬೇಕಾಯಿತು. ನೆಟ್ಟಗೆ ಗೆರೆ ಎಳೆದ ಬೀದಿಗಳು. ಚಿನ್ನದ ಬೀದಿ, ಬೆಳ್ಳಿ ಬೀದಿ, ಚಮ್ಮಾರರ ಬೀದಿ, ಜೀನುಗಾರರ ಬೀದಿ ಎಂದು ಕಸುಬಿನ ಹೆಸರು. ಗೋಡೆಯೊಳಗೆ ಕಾಣದ ಹಾಗೆ ಮರದ ಪಂಜರ, ಇಂಟು ಗುರುತಿನಂತೆ ಅಡ್ಡಡ್ಡ ಕಟ್ಟಿದ ತೊಲೆಗಳು. ಭೂಮಿ ಅಲುಗಿದರೆ ಕಟ್ಟಡ ಅಲುಗಬೇಕು, ಬೀಳಬಾರದು. ಮಾದರಿ ಮಾಡಿ, ಸುತ್ತ ಸಿಪಾಯಿಗಳಿಂದ ದಡದಡ ಕವಾಯತು ಮಾಡಿಸಿ ಪರೀಕ್ಷಿಸಿದರಂತೆ.

ಜೀನುಗಾರರ ಬೀದಿಯ ಒಂದು ಬ್ಯಾಂಕಿನ ನೆಲಮಾಳಿಗೆಯಲ್ಲಿ ಉತ್ಖನನದ ಜಾಗ ಇದೆ, ಗುಂಪು ಮಾಡಿ ತೋರಿಸುತ್ತಾರೆ. ರೋಮನ್ನರು ಮೀನಿಗೆ ಉಪ್ಪು ಹಾಕುತ್ತಿದ್ದ ತೊಟ್ಟಿಗಳಿವೆ. ಎರಡು ಸಾವಿರ ವರ್ಷದ ಹಿಂದೆಯೂ ಮೀನೇ. ಅದರ ನಡುವೆ ಕಟ್ಟಡವನ್ನು ಹೊತ್ತ ಪೈನ್ ಮರದ ಗೂಟಗಳು. ನೀರಿನಲ್ಲಿ ನೆನೆದಿರುವವರೆಗೆ ಕೊಳೆಯುವುದಿಲ್ಲ; ಅಂತರ್ಜಲ ಇಳಿದು ಗಾಳಿ ತಾಕಿದರೆ ಕೇಡು. ಇವರು ಕಂಬಿಗೆ ಆತು ಬಗ್ಗಿ ನೋಡಿದ ರೀತಿ ನೋಡಿ ಗೈಡ್ ಹುಡುಗಿ ಇಂಗ್ಲಿಷಿನಲ್ಲಿ, ‘ನೀವು ಇಂಜಿನಿಯರಾ?’ ಎಂದಳು. ಆ ದಿನದ ಉಳಿದ ಭಾಗವೆಲ್ಲ ಇವರಿಗೆ ಏರು ತಟ್ಟಲೇ ಇಲ್ಲ.

ರೊಸ್ಸಿಯು ಚೌಕದ ಅಲೆಗಳನ್ನು ತುಳಿದು, ಶಿಯಾದು ಕಡೆಗೆ ಮತ್ತೆ ಹತ್ತಿದೆವು. ಬರ್ತ್ರಾಂಡ್ ಪುಸ್ತಕದಂಗಡಿ 1732ರಿಂದ ನಡೆಯುತ್ತಿದೆ, ಭೂಕಂಪದಲ್ಲಿ ಜಾಗ ಬದಲಿಸಿತೇ ಹೊರತು ಬಾಗಿಲು ಹಾಕಲಿಲ್ಲ. ಪಕ್ಕದ ಕಾಫಿ ಅಂಗಡಿಯ ಮುಂದೆ ಕವಿ ಪೆಸ್ಸೋವಾನ ಕಂಚಿನ ಪ್ರತಿಮೆ, ಪಕ್ಕದಲ್ಲೊಂದು ಖಾಲಿ ಕುರ್ಚಿ, ಅದರ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಲು ಕ್ಯೂ. ಇನ್ನೊಂದು ಸಾಧಾರಣ ಅಂಗಡಿಯಲ್ಲಿ ಕೌಂಟರಿಗೆ ಒರಗಿ ನಿಂತು ಬಿಕಾ ಕುಡಿದೆವು. ಎರಡು ಗುಟುಕಿನ ಕಪ್ಪು ಕಾಫಿ, ನಿಂತು ಕುಡಿದರೆ ಅಗ್ಗ, ಕೂತರೆ ತುಟ್ಟಿ. ದಿನವೆಲ್ಲ ನಡೆದವರಿಗೆ ಇದು ಅನ್ಯಾಯ. ಜೊತೆಗೆ ಕೆನೆ ತುಂಬಿದ, ಮೇಲೆ ಸುಟ್ಟ ಕಲೆಯ ಪುಟ್ಟ ಬಟ್ಟಲು ಸಿಹಿ. ಅದರಲ್ಲಿ ಮೊಟ್ಟೆಯ ಹಳದಿ ಇದೆ ಎಂದು ನೆನಪಿಸಿದೆ. ‘ಕಾಣುತ್ತಾ?’ ಎಂದು ಕೇಳಿ ಇನ್ನೊಂದು ತರಿಸಿದರು.

ಕಾರ್ಮು ಮಠ 1389ರದ್ದು. ಭೂಕಂಪದಲ್ಲಿ ಚಾವಣಿ ಕುಸಿದದ್ದನ್ನು ಪೂರ್ತಿ ಮುಚ್ಚದೆ ಹಾಗೇ ಬಿಟ್ಟಿದ್ದಾರೆ. ಕಮಾನಿನ ಎಲುಬುಗಳು, ಮೇಲೆ ಬರೀ ಆಕಾಶ. ಮುಂದಿನ ಚೌಕದಲ್ಲಿ ಜಕರಂಡಾ ಮರಗಳು ನೇರಳೆ ಹೂ ಉದುರಿಸುತ್ತಿದ್ದವು. ಬೆಂಚಿನ ಮೇಲೆ ಕೂತೆವು. ಪಕ್ಕದ ಪೊಲೀಸ್ ಪಡೆಯ ಕಟ್ಟಡದಲ್ಲೇ 1974ರ ಏಪ್ರಿಲ್ 25ರಂದು ಪ್ರಧಾನಿ ಕಾಯೆತಾನೊ ಅಡಗಿ ಕುಳಿತು, ಸಂಜೆ ಶರಣಾದದ್ದು. ಅಂದು ಹೋಟೆಲ್ ಒಂದರ ವಾರ್ಷಿಕೋತ್ಸವಕ್ಕೆ ತರಿಸಿದ್ದ ಕೆಂಪು ಕಾರ್ನೇಷನ್ ಹೂಗಳು ಗಲಾಟೆಯಿಂದ ವ್ಯರ್ಥವಾದವು, ಕೆಲಸದವರಿಗೆ ಮನೆಗೊಯ್ಯಿರಿ ಎಂದರು ಮಾಲೀಕರು. ಸೆಲೆಸ್ತ್ ಕಾಯೇರು ಎಂಬ ಕೆಲಸದಾಕೆಯ ಬಳಿ ಸಿಪಾಯಿಯೊಬ್ಬ ಸಿಗರೇಟು ಕೇಳಿದ. ಇಲ್ಲ ಎನ್ನಲು ಮನಸ್ಸು ಬಾರದೆ ಅವಳು ಹೂ ಕೊಟ್ಟಳು, ಅವನು ಬಂದೂಕಿನ ಬಾಯಿಗೆ ಸಿಕ್ಕಿಸಿದ. 1961ರಲ್ಲಿ ಕೈತಪ್ಪಿದ ಗೋವಾ ಭಾರತದ್ದು ಎಂದು ಪೋರ್ಚುಗಲ್ ಒಪ್ಪಿದ್ದೂ ಇದಾದ ಮೇಲೆಯೇ.

ಮಠದ ಪಕ್ಕದಿಂದ ಒಂದು ಸೇತುವೆ ಹೊರಡುತ್ತದೆ, ಅದರ ತುದಿ ಸಾಂತಾ ಜುಸ್ತಾ ಲಿಫ್ಟಿನ ತಲೆ. 1902ರ ಕಬ್ಬಿಣದ ಗೋಪುರ, 45 ಮೀಟರ್ ಎತ್ತರ. ಕೆಳಗೆ ಅದಕ್ಕೆ ಕಾದವರ ಸಾಲು ಬೀದಿಯ ಮೂಲೆ ತಿರುಗಿತ್ತು. ನಾವು ನಡೆದೇ ಬಂದು ಮೇಲೆ ನಿಂತಿದ್ದೆವು. ಕುಂಡ ಹಿಡಿದುಕೊಂಡೇ ಇವರು ಕಂಬಿಗೆ ಆತು ಆ ಸಾಲನ್ನು ಎಣಿಸಿದ ಸಂತೋಷ ಹೇಳತೀರದು. ನಾವು ಬಂದ ಮೇಲೆ, 2025ರ ಸೆಪ್ಟೆಂಬರಿನಲ್ಲಿ, ಅದೇ ಊರಿನ ಗ್ಲೋರಿಯಾ ಏರಿನಲ್ಲಿ 1885ರಿಂದ ಓಡುತ್ತಿದ್ದ ಹಗ್ಗದ ಬಂಡಿಯ ಕೇಬಲ್ ಕಳಚಿ 16 ಜನ ಸತ್ತರು. ಸುದ್ದಿ ಓದಿ ಇವರು ಬಹಳ ಹೊತ್ತು ಮಾತಾಡಲಿಲ್ಲ. ಅಷ್ಟು ದಿನ ಎಲ್ಲರಿಗೂ ಹೇಳುತ್ತಿದ್ದ ಕ್ಯೂ ಎಣಿಸಿದ ಕಥೆಯನ್ನು ಆಮೇಲೆ ಹೇಳುವುದನ್ನೇ ಬಿಟ್ಟರು.

ಅವತ್ತು ಮಾತ್ರ ಹುರುಪಿನಲ್ಲಿದ್ದರು. ರಾತ್ರಿ ಒಂಬತ್ತಾಗುತ್ತಾ ಬಂದಿದ್ದರೂ ಬೆಳಕಿತ್ತು. ಸಿದ್ಧಾಂತವನ್ನು ಇನ್ನೂ ಬೆಳೆಸುತ್ತಿದ್ದರು. ನಮ್ಮ ಮಂಡಿ ನೋವನ್ನು ಹತ್ತಕ್ಕೆ ಇಷ್ಟು ಎಂದು ಅಳೆದು ಊರಿನ ನಕ್ಷೆಯ ಮೇಲೆ ಬಣ್ಣ ಹಾಕಿದರೆ ಭೂಕಂಪದ ನಕ್ಷೆಯೇ ಸಿಗುತ್ತದಂತೆ, ಯಾವುದಾದರೂ ಇಂಜಿನಿಯರಿಂಗ್ ಪತ್ರಿಕೆಗೆ ಬರೆಯಬಹುದಂತೆ.

‘ನಾಳೆ ಬೆಲೆಂಗೆ ಹೋಗ್ತೀವಲ್ಲಾ ರೀ’ ಎಂದೆ. ‘ಜೆರೋನಿಮುಸ್ ಮಠ, ವಾಸ್ಕೋ ಡ ಗಾಮನ ಸಮಾಧಿ. ಪೂರ್ತಿ ನದಿ ದಂಡೆ, ಅಂಗೈಯಷ್ಟು ಸಮತಟ್ಟು. ಮಠ ಕಟ್ಟಿದ್ದು ಹದಿನಾರನೇ ಶತಮಾನದಲ್ಲಿ. ಭೂಕಂಪದಲ್ಲಿ ಬೀಳಲಿಲ್ಲ. ದೊರೆ ಕೂಡ ಅವತ್ತು ಬೆಲೆಂನಲ್ಲಿದ್ದದ್ದಕ್ಕೇ ಬದುಕಿದ್ದು. ಸಮತಟ್ಟು ನೆಲ, ಹಳೇ ಕಟ್ಟಡ. ಈಗೇನು ಮಾಡ್ತೀರಿ?’

ಇವರು ಕುಂಡವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದರು.

‘ಅಲ್ಲ ಮಾರಾಯ್ತಿ’ ಎಂದರು, ‘ಆ ಥಿಯರಿ ನಿನ್ನದು ತಾನೇ?’